ದುಂಡಗಿರುವ ಗುಂಡೆಲ್ಲ ಟಿಪ್ಪುವಿನದಲ್ಲ

ಪ್ರಶ್ನೆ: ನಮ್ಮ ತೊಗರಿ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಿದಾಗ ಗೇಣು ಆಳದಲ್ಲಿ ಸೀಸದ ಗುಂಡೊಂದು ಸಿಕ್ಕಿತು. ಟಿಪ್ಪು ಸುಲ್ತಾನನ ಕಾಲದ್ದು ಅಂತ ಊರವರು ಹೇಳುತ್ತಾರೆ. ನಿಜವೇ? ತೊಳೆದು ಫೋಟೊ ಕಳಿಸಿದ್ದೇನೆ. (ಜೇವರ್ಗಿ ಕಡೆಯ ಓದುಗರು)

ಉತ್ತರ: ಇಂಥ ಪತ್ರ ಬರದ ತಿಂಗಳಿಲ್ಲ. ನಿಮ್ಮ ಸೀಮೆ ಆಗ ನಿಜಾಮರದು, ಟಿಪ್ಪುವಿನದಲ್ಲ. ಆದರೂ ಸೀಸ ಸಿಕ್ಕ ಕೂಡಲೇ ಎಲ್ಲರಿಗೂ ಟಿಪ್ಪುವೇ ನೆನಪಾಗುತ್ತಾನೆ.

ಫೋಟೊದಲ್ಲಿ ಅಳತೆಗೆ ಒಂದು ನಾಣ್ಯವೂ ಇಲ್ಲ. ಸಾಲದ್ದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೀರಿ, ಹೊಳಪೇ ಹೇಳುತ್ತದೆ. ಮಣ್ಣಲ್ಲಿ ಬಹಳ ಕಾಲ ಬಿದ್ದ ಸೀಸದ ಮೇಲೆ ಬೂದು ಬಿಳಿಯ ಪೊರೆ ಕಟ್ಟುತ್ತದೆ. ಹುಳಿ ಅದನ್ನು ತಿನ್ನುತ್ತದೆ, ಕೆಳಗಿನ ಸೀಸವನ್ನೂ ತಿನ್ನುತ್ತದೆ. ಎರಕದ ಗೆರೆ, ಸೀಸ ಹೊಯ್ದ ಬಾಯಿಯನ್ನು ಕತ್ತರಿಸಿದ ಚಪ್ಪಟೆ ಗುರುತು, ನಳಿಗೆಗೆ ಉಜ್ಜಿದ ಪಟ್ಟಿ ಎಲ್ಲ ಇರುವುದು ಮೇಲ್ಮೈಯಲ್ಲೇ. ನೀರಲ್ಲಿ ಮಣ್ಣು ತೊಳೆದರೆ ಸಾಕಿತ್ತು.

ಈಗ ಒಂದು ಕೆಲಸ ಮಾಡಿ. ಸರಾಫ್ ಅಂಗಡಿಗೆ ಹೋಗಿ ಬಂಗಾರದ ತಕ್ಕಡಿಯಲ್ಲಿ ತೂಗಿಸಿ. ಬಡಿದು ಚಪ್ಪಟೆಯಾದ ಗುಂಡಿನ ಅಗಲ ಅಳೆದು ಪ್ರಯೋಜನವಿಲ್ಲ, ತೂಕ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿದಿರುತ್ತದೆ. ಗ್ರಾಂ ಲೆಕ್ಕದ ಘನಮೂಲವನ್ನು 5.52ರಿಂದ ಗುಣಿಸಿದರೆ ಮೂಲ ವ್ಯಾಸ ಮಿಲಿಮೀಟರಿನಲ್ಲಿ ಸಿಗುತ್ತದೆ. 32 ಗ್ರಾಂ ಇದ್ದರೆ ಸುಮಾರು 17.5 ಮಿ.ಮೀ. ಈಸ್ಟ್ ಇಂಡಿಯಾ ಕಂಪನಿ ಸಿಪಾಯಿಗಳ ಬ್ರೌನ್ ಬೆಸ್ ಬಂದೂಕಿಗೆ ಹೊಂದುವ ಗುಂಡು ಇದು. ಅದರ ನಳಿಗೆಯ ಬಾಯಿ 19 ಮಿ.ಮೀ. ಮದ್ದಿನ ಮಸಿ ಕಟ್ಟಿದರೂ ಗುಂಡು ಸಲೀಸಾಗಿ ಇಳಿಯಲಿ ಅಂತ ಚಿಕ್ಕದಾಗಿ ಎರೆಯುತ್ತಿದ್ದರು. ಗುಂಡಿನ ಅಳತೆಯದೇ ನಳಿಗೆ ಹುಡುಕುವವರು ಇಲ್ಲೇ ಎಡವುತ್ತಾರೆ. 25, 26 ಗ್ರಾಂ ಇದ್ದರೆ ಫ್ರೆಂಚ್ ಮಾದರಿಯ ಮಸ್ಕೆಟ್ ಬಂದೂಕು ನೆನೆಯಬಹುದು. ಹೈದರಾಬಾದಿನಲ್ಲಿ ಫ್ರೆಂಚ್ ಅಧಿಕಾರಿಗಳ ಪಡೆ 1798ರವರೆಗೆ ಇತ್ತು.

ನೆನೆಯಬಹುದು ಅಂದೆ, ಅಷ್ಟೇ. ಬತ್ತಿಯಿಂದ ಮದ್ದು ಹೊತ್ತಿಸುವ ನಾಡ ಬಂದೂಕುಗಳಿಗೆ ಒಂದು ಅಳತೆ ಅಂತ ಇರಲಿಲ್ಲ. ಪ್ರತಿ ನಳಿಗೆಗೂ ಅದರದೇ ಅಚ್ಚು. 1705ರಲ್ಲಿ ಔರಂಗಜೇಬ ಸುರಪುರದ ಹತ್ತಿರದ ವಾಗಣಗೇರಿಗೆ ಮುತ್ತಿಗೆ ಹಾಕಿದಾಗಲೂ ಸೀಸದ ಗುಂಡೇ, 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದಾಗಲೂ ಸೀಸದ ಗುಂಡೇ. ಆಮೇಲೆ ಹಂದಿ ಓಡಿಸಲು ಮದ್ದು ತುಂಬುವ ಕೋವಿ ಇಟ್ಟುಕೊಂಡವರು ಎರೆದದ್ದೂ ಅದೇ. ನಿಮ್ಮ ಗುಂಡು ನಿಮ್ಮ ಅಜ್ಜನದೂ ಇರಬಹುದು! ಉದ್ದಕ್ಕಿದ್ದು, ಮೂತಿ ಚೂಪಾಗಿ, ಬುಡದಲ್ಲಿ ಕುಳಿ ಇದ್ದರೆ ಮಾತ್ರ ಧೈರ್ಯವಾಗಿ ಹೇಳಬಹುದು: 1850ರ ದಶಕಕ್ಕಿಂತ ಹಳೆಯದಲ್ಲ.

ಗೇಣು ಆಳ ಅಂದಿರಿ. ಎರಿ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಆಳ ನಂಬಬೇಡಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನಿನ್ನೆ ಬಿದ್ದ ಬೋಲ್ಟು ನಾಳೆ ಮೊಣಕಾಲಾಳದಲ್ಲಿ ಇರುತ್ತದೆ. ಯಾವ ಹೊಲ, ಯಾವ ಮೂಲೆ, ಜೊತೆಗೆ ಏನು ಸಿಕ್ಕಿತು ಅನ್ನುವುದೇ ಮುಖ್ಯ. ಒಂದೇ ತೂಕದ ಹತ್ತಾರು ಗುಂಡು ಒಂದು ಬದುವಿನ ಉದ್ದಕ್ಕೂ ಸಿಕ್ಕರೆ ಅದು ಬೇರೆ ಕಥೆ. ಒಂಟಿ ಗುಂಡು ಇಸವಿ ಹೇಳುವುದಿಲ್ಲ. ಹೇಳುತ್ತೇನೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಬೀದರ್ ಹತ್ತಿರ ನೆಲದಲ್ಲಿ ಸಣ್ಣ ದುಂಡನೆಯ ಗುಂಡುಗಳು ರಾಶಿ ಸಿಗುತ್ತವೆ. ಡಿಟೆಕ್ಟರ್ ಕೂಗುತ್ತದೆ. ಕೋಟೆಯ ಯುದ್ಧದವೇ?

ಉತ್ತರ: ಕೆಂಪು ಜಂಬಿಟ್ಟಿಗೆ ನೆಲದ ಕಬ್ಬಿಣದ ಹರಳು. ಸೀಸ ಮೆತ್ತಗೆ, ಉಗುರಿಗೆ ಗೀರು ಬೀಳುತ್ತದೆ. ಇದಕ್ಕೆ ಬೀಳಲ್ಲ.

ಪ್ರಶ್ನೆ: ಗುಂಡಿನ ಮೇಲೆ ಹಲ್ಲಿನ ಗುರುತಿದೆ. ಗಾಯಗೊಂಡ ಸಿಪಾಯಿ ನೋವಿಗೆ ಕಚ್ಚಿದ್ದಾ?

ಉತ್ತರ: ಹಂದಿ ಕಚ್ಚಿದ್ದಿರಬೇಕು. ಸಿಪಾಯಿಯ ಕಥೆ ಬಿಡಿ.

ಪ್ರಶ್ನೆ: ಸೀಸ ಸಿಕ್ಕ ಕಡೆ ನಿಧಿ ಇರುತ್ತದೆ, ಪೂಜೆ ಮಾಡಿಸಿ ಅಗೆಯಬೇಕು ಅಂತ ಸ್ವಾಮಿಯೊಬ್ಬರು ಹೇಳಿದ್ದಾರೆ. ಅದೇ ಸೀಸದಿಂದ ಮಂಡಿನೋವಿಗೆ ಭಸ್ಮವನ್ನೂ ಮಾಡಿಕೊಡುತ್ತಾರಂತೆ.

ಉತ್ತರ: ನಿಧಿ ಇರುವುದು ನಿಮ್ಮ ಜೇಬಲ್ಲಿ, ಅವರ ಕಣ್ಣು ಅದರ ಮೇಲೆ. ಸೀಸ ವಿಷ. ಭಸ್ಮ ತಿನ್ನಬೇಡಿ, ಅಡುಗೆಮನೆಯಲ್ಲಿ ಕರಗಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಇನ್ನು ಅಗೆಯುವ ಮಾತು. ಬೀದರ್, ಕಲಬುರಗಿ ಕೋಟೆಗಳಂಥ ರಕ್ಷಿತ ಜಾಗಗಳಲ್ಲಿ ಅನುಮತಿ ಇಲ್ಲದೆ ಅಗೆಯುವುದು 1958ರ ಕಾಯ್ದೆ ಪ್ರಕಾರ ಅಪರಾಧ. ಡಿಟೆಕ್ಟರ್ ಹಿಡಿದು ಅತ್ತ ಸುಳಿಯಲೇಬೇಡಿ. ನಿಮ್ಮದೇ ಹೊಲದಲ್ಲಿ ನೆಲದೊಳಗೆ ಹುದುಗಿದ್ದ ನಿಧಿ ಸಿಕ್ಕರೂ ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಪ್ರಶ್ನೆ: ಆನ್‌ಲೈನ್‌ನಲ್ಲಿ ಮಾರಿದರೆ ಎಷ್ಟು ಬರುತ್ತದೆ?

ಉತ್ತರ: 100 ವರ್ಷ ದಾಟಿದ ಪುರಾತನ ವಸ್ತುವಿನ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ದಾಟದಿದ್ದರೆ ಗುಜರಿಯವನನ್ನು ಕೇಳಿ, ನನ್ನನ್ನಲ್ಲ.