8 ವರ್ಷದ ಗ್ಯಾಪ್ ನಂತರ ಮತ್ತೆ ಎಂಟಿಬಿ ಸ್ಟೇಜ್ ರೇಸ್: ಟ್ರೇನರ್ ಮೇಲೆ ಎಷ್ಟು ತಿಂಗಳು ತುಳಿದರೆ ಹಳೇ ಸ್ಪೀಡ್ ಬರುತ್ತದೆ?

ನಿಮ್ಮ ಪ್ರಶ್ನೆ ಓದಿದೆ: ಎಂಟು ವರ್ಷ ಬಿಟ್ಟು ಮತ್ತೆ ಎಂಟಿಬಿ (ಮೌಂಟನ್ ಬೈಕ್) ಸ್ಟೇಜ್ ರೇಸ್, ಅಂದರೆ ದಿನಕ್ಕೊಂದು ಹಂತದಂತೆ ಹಲವು ದಿನ ನಡೆಯುವ ರೇಸ್; ಹಳೇ ಸ್ಪೀಡ್ ಯಾವಾಗ ಬರುತ್ತದೆ, ಹೊಸ ಬೈಕ್ ಬೇಕಾ ಅಂತ. 38 ವಯಸ್ಸು, ಇಬ್ಬರು ಮಕ್ಕಳು, ಮನೆಯೊಳಗೆ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಕೂರಿಸುವ ಸ್ಟ್ಯಾಂಡ್), ತಲೆಯಲ್ಲಿ ಅಕ್ಟೋಬರ್‌ನ ರೇಸ್. ನಾಲ್ಕು ವರ್ಷದ ಹಿಂದೆ ನಾನು ಹೀಗೇ ಇದ್ದೆ. ಆಗ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಚೆನ್ನಾಗಿರುತ್ತಿತ್ತು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮದುವೆಗೆ ಮುಂಚೆ ಐದು ವರ್ಷ ರೇಸ್ ಮಾಡಿದ್ದೆ. ಮೊದಲು ಬೆಂಗಳೂರಿನ ಸುತ್ತಮುತ್ತ ಸಣ್ಣ ಎಕ್ಸ್‌ಸಿ (ಕ್ರಾಸ್ ಕಂಟ್ರಿ) ರೇಸುಗಳು, ಆಮೇಲೆ ಹಿಮಾಚಲದಲ್ಲಿ ಸ್ಟೇಜ್ ರೇಸ್. ದಿನಕ್ಕೆ 60-70 ಕಿ.ಮೀ., ರಾತ್ರಿ ಟೆಂಟ್, ಬೆಳಿಗ್ಗೆ ಒದ್ದೆ ಶೂ ಹಾಕಿಕೊಂಡು ಮತ್ತೆ ಏರು. ಮೊದಲ ಮಗು ಹುಟ್ಟಿದಾಗ ಸೈಕಲ್ ಅಟ್ಟಕ್ಕೆ ಹೋಯಿತು. ಎರಡನೆಯವಳು ಶಾಲೆಗೆ ಸೇರಿದ ವರ್ಷ ಕೆಳಗೆ ಬಂತು.

ಎಂಟು ತಿಂಗಳು ತಯಾರಿ ಮಾಡಿದೆ. ಬೆಳಗಿನ ಜಾವ 4:30ಕ್ಕೆ ಎದ್ದು ಹಾಲ್‌ನಲ್ಲಿ ಫ್ಯಾನ್ ಹಾಕಿಕೊಂಡು ಟ್ರೇನರ್ ಮೇಲೆ ಕೂತರೆ ಮಕ್ಕಳು ಏಳುವ ಹೊತ್ತಿಗೆ ಮುಗಿದಿರುತ್ತಿತ್ತು. ಟ್ರಾಫಿಕ್ ಇಲ್ಲ, ಬೀದಿ ನಾಯಿ ಇಲ್ಲ, ಯಾರನ್ನೂ ಏನೂ ಕೇಳಬೇಕಾಗಿಲ್ಲ. ಒಂದೂವರೆ ತಿಂಗಳಲ್ಲೇ ದಮ್ಮು ವಾಪಸ್ ಬರತೊಡಗಿತು. ಇದು ನಿಮಗೂ ಆಗುತ್ತದೆ, ಹೆದರಬೇಡಿ. ತುಳಿಯೋದು ಬಿಟ್ಟ ಎರಡು ಮೂರು ವಾರದಲ್ಲೇ ರಕ್ತದಲ್ಲಿನ ನೀರಿನಂಶ ಇಳಿಯುತ್ತದೆ, ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುತ್ತದೆ. ಆದರೆ ಮತ್ತೆ ಶುರು ಮಾಡಿದರೆ ಎಲ್ಲಕ್ಕಿಂತ ಮುಂಚೆ ಸರಿಹೋಗೋದೂ ಅದೇ. ಏಳನೇ ತಿಂಗಳಿಗೆ ಸ್ಕ್ರೀನ್ ಮೇಲೆ ನನ್ನ ವಾಟ್ಸ್, ಅಂದರೆ ತುಳಿತದ ಶಕ್ತಿಯ ಅಳತೆ, ನನ್ನ ಹಳೇ ಡೈರಿಯ ಲೆಕ್ಕದ ಹತ್ತಿರ ಹತ್ತಿರ ಬಂದಿತ್ತು. ಅವತ್ತು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಿದ್ದೆ, ಅಷ್ಟು ಖುಷಿ.

ಹಿಮಾಚಲದಲ್ಲಿ ನಾಲ್ಕು ದಿನದ ರೇಸಿಗೆ ಹೆಸರು ಕೊಟ್ಟೆ. ಮೊದಲ ದಿನ ಚೆನ್ನಾಗಿ ಹೋಯಿತು. ಎರಡನೇ ದಿನದ ದೊಡ್ಡ ಏರಿನಲ್ಲಿ ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವರನ್ನು ದಾಟಿದೆ. ಮೇಲೆ ತಲುಪಿದಾಗ ಕಾಲಲ್ಲಿ ಇನ್ನೂ ಶಕ್ತಿ ಇತ್ತು. ಅಲ್ಲಿಂದ ಮುಂದೆ ದೇವದಾರು ಕಾಡಿನೊಳಗೆ ಜೀಪ್ ದಾರಿ, ಬರೀ ಸಡಿಲ ಕಲ್ಲು, ಸುಮಾರು 17 ಕಿ.ಮೀ. ಇಳಿಜಾರು.

ನಾಲ್ಕನೇ ಕಿಲೋಮೀಟರ್‌ಗೆ ಮುಂಗೈ ಉರಿಯಲು ಶುರುವಾಯಿತು. ಏಳಕ್ಕೆ ಬೆರಳು ಬ್ರೇಕ್ ಲಿವರ್ ಮೇಲೆ ಕೂತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಂಬತ್ತರ ಆಸುಪಾಸಿನಲ್ಲಿ ಒಂದು ಹೇರ್‌ಪಿನ್ ತಿರುವು. ಬ್ರೇಕ್ ಹಿಡಿಯಬೇಕು ಅಂತ ತಲೆಗೆ ಗೊತ್ತು, ಬೆರಳು ಮಡಚಲೇ ಇಲ್ಲ. ನೇರ ಹೋಗಿ ಬಂಡೆಗೆ ಭುಜ ಬಡಿದುಕೊಂಡೆ. ಕಾಲರ್ ಬೋನ್ ಮುರಿಯಿತು. ಪ್ಲೇಟ್ ಹಾಕಿದರು. ಮೂರು ತಿಂಗಳು ಚಿಕ್ಕವಳನ್ನು ಎತ್ತಿಕೊಳ್ಳಲು ಆಗಲಿಲ್ಲ. ಅವಳಿಗೆ ಆಗ ಐದು ವರ್ಷ, ರಾತ್ರಿ ಬಂದು ನನ್ನ ಕೈಯನ್ನು ಕತ್ತಿಗೆ ತೂಗುಹಾಕಿದ್ದ ಸ್ಲಿಂಗನ್ನು ಮುಟ್ಟಿ ನೋಡಿ ವಾಪಸ್ ಹೋಗಿ ಮಲಗುತ್ತಿದ್ದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನನಗೆ ಅರ್ಥವಾಗಿರಲಿಲ್ಲ. ಕಲ್ಲು ಜಾರಿತು ಅಂತಲೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಕಲ್ಲು ಜಾರಲಿಲ್ಲ. ಎಂಟು ತಿಂಗಳಲ್ಲಿ ನಾನು ಹೊರಗೆ ಮಣ್ಣಿನ ದಾರಿಯಲ್ಲಿ ಸೈಕಲ್ ಹೊಡೆದದ್ದು ಒಟ್ಟು ಆರು ಸಲ. ಟ್ರೇನರ್ ಮೇಲೆ ಸೈಕಲ್ ನಿಂತಲ್ಲೇ ನಿಂತಿರುತ್ತದೆ. ಕೈ ಸುಮ್ನೆ ಹ್ಯಾಂಡಲ್ ಮೇಲೆ ಇರುತ್ತದೆ, ಕುತ್ತಿಗೆಗೆ ಕೆಲಸ ಇಲ್ಲ, ಸೊಂಟಕ್ಕೆ ಹೊಡೆತ ಇಲ್ಲ, ಕಣ್ಣಿಗೆ ದಾರಿ ಇಲ್ಲ. ಇಳಿಜಾರಿನಲ್ಲಿ ಮುಂಗೈ ಸ್ನಾಯು ಬಿಗಿಯಾಗೇ ಇರುತ್ತದೆ. ಬಿಗಿ ಹಿಡಿದಷ್ಟೂ ಒಳಗಿನ ರಕ್ತನಾಳ ಒತ್ತಿಹೋಗುತ್ತದೆ, ರಕ್ತ ಓಡಾಡೋದಿಲ್ಲ, ಉರಿ ಏರುತ್ತದೆ, ಕೊನೆಗೆ ಬೆರಳು ಮಾತು ಕೇಳೋದಿಲ್ಲ. ಹೆದರಿದವರು ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ. ನಾನು ಮಾಡಿದ್ದೂ ಅದೇ. ಇನ್ನೊಂದು ತೊಂದರೆ ಅಂದ್ರೆ, ದಮ್ಮು ಚೆನ್ನಾಗಿದ್ದದ್ದೇ ನನಗೆ ಮುಳುವಾಯಿತು. ದಮ್ಮಿಲ್ಲದಿದ್ದರೆ ಮೇಲೆ ತಲುಪಿ ಹತ್ತು ನಿಮಿಷ ಕೂತು, ಆಮೇಲೆ ನಿಧಾನ ಇಳಿಯುತ್ತಿದ್ದೆ.

ಸೈಕಲ್ ಒಮ್ಮೆ ಕಲಿತರೆ ಮರೆಯೋದಿಲ್ಲ ಅಂತಾರಲ್ಲ, ಆ ಮಾತನ್ನು ದಯವಿಟ್ಟು ನಂಬಿಕೊಂಡು ಕೂರಬೇಡಿ. ಬ್ಯಾಲೆನ್ಸ್ ಮರೆಯೋದಿಲ್ಲ, ನಿಜ. ಎಲ್ಲಿ ಬ್ರೇಕ್ ಹಿಡಿಯಬೇಕು ಅನ್ನೋದೂ ನೆನಪಿರುತ್ತದೆ. ಅದನ್ನು 17 ಕಿ.ಮೀ. ಉದ್ದಕ್ಕೂ ಮಾಡಿ ತೋರಿಸುವ ಮುಂಗೈ ಮಾತ್ರ ಇರೋದಿಲ್ಲ. ಹೃದಯ ತಿಂಗಳಲ್ಲಿ ಸರಿಹೋದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರುಗಳು ಬಲ ಆಗಲು ಇನ್ನೂ ಜಾಸ್ತಿ ಸಮಯ ಹಿಡಿಯುತ್ತದೆ, ಅವಕ್ಕೆ ರಕ್ತ ಹೋಗೋದೇ ಕಡಿಮೆ. ಮಂಡಿಗೂ ಇದೇ ಕಥೆ.

ಮುಂದಿನ ವರ್ಷ ಬೇರೆ ತರಹ ಮಾಡಿದೆ. ಟ್ರೇನರ್ ವಾರಕ್ಕೆ ಎರಡೇ ದಿನ. ಭಾನುವಾರ ಯಲಹಂಕದ ಆಚೆ ಅವಲಹಳ್ಳಿ ಕಾಡಿನ ದಾರಿ, ಬಿಸಿಲಾಗಲಿ ಮೋಡವಾಗಲಿ. ಬೇಸಿಗೆ ರಜೆಗೆ ಸಕಲೇಶಪುರದ ಹತ್ತಿರ ಅಕ್ಕನ ಮನೆಗೆ ಮಕ್ಕಳ ಜೊತೆ ಹೋದಾಗ ಸೈಕಲ್ಲೂ ಬಂತು. ಭಾವ ಬೆಳಿಗ್ಗೆ ತೋಟದ ಜೀಪಿನಲ್ಲಿ ಗುಡ್ಡದ ಮೇಲೆ ಬಿಟ್ಟು ಬರುತ್ತಿದ್ದರು, ನಾನು ಇಳಿಯುತ್ತಿದ್ದೆ, ಮತ್ತೆ ಜೀಪು, ಮತ್ತೆ ಇಳಿಜಾರು. ಏರೋದೇ ಇಲ್ಲ! ಮೊದಲ ದಿನ ಮೂರು ಸಲಕ್ಕೆ ಕೈ ಸೋತಿತು, ಹತ್ತನೇ ದಿನ ಎಂಟು ಸಲ. ಮಳೆಗಾಲದಲ್ಲಿ ಮತ್ತೆ ಹೋದೆ, ಕಾಲಿಗೆಲ್ಲ ಇಂಬಳ. ಅಲ್ಲೇ ಒಂದು ಬೆರಳಲ್ಲಿ ಬ್ರೇಕ್ ಹಿಡಿಯುವುದನ್ನು ಹೊಸದಾಗಿ ಕಲಿತೆ. ನೇರ ದಾರಿಯಲ್ಲಿ ಪೂರ್ತಿ ಬಿಡಬೇಕು, ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಹಿಡಿದು ಮತ್ತೆ ಬಿಡಬೇಕು. ಉದ್ದಕ್ಕೂ ಎಳೆದುಕೊಂಡೇ ಬಂದರೆ ಡಿಸ್ಕ್ ಕಾಯುತ್ತದೆ, ಕೈಗೂ ಬಿಡುವು ಸಿಗೋದಿಲ್ಲ.

ಹೊಸ ಬೈಕ್ ಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ನಿಮ್ಮದು 26 ಇಂಚಿನ ಚಕ್ರದ ಹಳೇ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ ಬೈಕ್), ಈಗ ಎಲ್ಲರೂ 29 ಇಂಚು, ಗೊತ್ತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲೇ ಜೆಕ್ ರೇಸರ್ ಯಾರೊಸ್ಲಾವ್ ಕುಲ್ಹಾವಿ 29ರಲ್ಲಿ ಚಿನ್ನ ಗೆದ್ದಾಗಿತ್ತು. ದೊಡ್ಡ ಚಕ್ರ ಕಲ್ಲಿನ ಮೇಲೆ ಸಲೀಸಾಗಿ ಹೋಗುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಮೊದಲ ವರ್ಷದ ದುಡ್ಡನ್ನು ಬ್ರೇಕಿಗೆ ಹಾಕಿ: ಎಂಟು ವರ್ಷದ ಆಯಿಲ್ ತೆಗೆಸಿ ಹೊಸದು ಹಾಕಿಸಿ, ಪ್ಯಾಡ್ ಬದಲಿಸಿ. ಟೈರ್ ಕೂಡ, ನೋಡಲು ಚೆನ್ನಾಗಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ಮುಂದಿನ ಸಸ್ಪೆನ್ಷನ್ ಫೋರ್ಕ್‌ನ ಸೀಲ್ ಒಣಗಿರುತ್ತದೆ, ಸರ್ವೀಸ್ ಮಾಡಿಸಿ.

ಊಟದ ಬಗ್ಗೆ ಒಂದೇ ಮಾತು. ಹಸಿವಾಗುವ ತನಕ ಕಾಯಬೇಡಿ. ಗಂಟೆಗೆ 60 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್) ಅಂದರೆ ಸುಮಾರು ಎರಡು ದೊಡ್ಡ ಬಾಳೆಹಣ್ಣು, ಅದನ್ನು ತುಳಿಯುತ್ತಾ ತಿನ್ನುವ ಅಭ್ಯಾಸವನ್ನೂ ಈಗಿನಿಂದಲೇ ಮಾಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಹಳೇ ಸ್ಪೀಡ್. ನನಗೆ ಈ ಪ್ರಶ್ನೆಯೇ ಸರಿ ಅನ್ನಿಸೋದಿಲ್ಲ. ಹೃದಯದ ಗರಿಷ್ಠ ಬಡಿತಕ್ಕೆ ಒಂದು ಅಂದಾಜು ಲೆಕ್ಕ ಇದೆ: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯೋದು. 30ಕ್ಕೆ 187 ಬಂದರೆ 38ಕ್ಕೆ 181. ನಿಮ್ಮ ಹಳೇ ಡೈರಿಯಲ್ಲಿರುವ ಹೃದಯ ಬಡಿತ ಮುಟ್ಟುವಂತೆ ಈಗ ತುಳಿದರೆ ಅದು ಬೇರೆಯದೇ ಶ್ರಮ. ಆ ಡೈರಿ ಮುಚ್ಚಿಡಿ. ವಯಸ್ಸಾಯಿತು ಅಂತ ಹೇಳುತ್ತಿಲ್ಲ. ನಾರ್ವೆಯ ಮೌಂಟನ್ ಬೈಕ್ ರೇಸರ್ ಗುನ್-ರೀಟಾ ದಾಲೆ 2009ರಲ್ಲಿ ಮಗು ಹೆತ್ತ ಮೇಲೂ ವಾಪಸ್ ಬಂದು ವಿಶ್ವಕಪ್ ರೇಸ್ ಗೆದ್ದವರು, 45ರ ತನಕ ರೇಸ್ ಮಾಡಿದವರು. ನಾನು ಹೇಳೋದು, ತಿಂಗಳು ಎಣಿಸಬೇಡಿ, ಹೊರಗೆ ಕಳೆದ ಗಂಟೆ ಎಣಿಸಿ ಅಂತ.

ಆ ಗಂಟೆ ಮನೆಯಲ್ಲಿ ಕೇಳಿ ಪಡೆಯಬೇಕು. ನಾನು ಟ್ರೇನರ್‌ಗೆ ಅಂಟಿಕೊಂಡದ್ದೇ ಕೇಳಲು ಮನಸ್ಸಾಗದೆ. ಬಿದ್ದ ಮೇಲೆ ನಮ್ಮ ಮನೆಯವರು ಮೂರು ತಿಂಗಳು ಇಡೀ ಮನೆ ನೋಡಿಕೊಂಡರು. ವಾರಕ್ಕೆ ಐದು ಗಂಟೆ ಮೊದಲೇ ಕೇಳಿದ್ದರೆ ಖಂಡಿತ ಕೊಡುತ್ತಿದ್ದರು.

ಈ ಅಕ್ಟೋಬರ್‌ಗೆ ಹೆಸರು ಕೊಡಬೇಡಿ. ಇನ್ನು ನಾಲ್ಕೇ ತಿಂಗಳಿದೆ, ಸಾಲದು. ಮುಂದಿನ ವರ್ಷದ್ದಕ್ಕೆ ಕೊಡಿ. ಈ ಶನಿವಾರ ಬ್ರೇಕ್ ಆಯಿಲ್ ಬದಲಿಸಿ, ಭಾನುವಾರ ಬೆಳಿಗ್ಗೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಕೇಳಿಬಿಡಿ.