ಕಿವುಡರಿಗೆ ಯೆಹೂದಿ ಧರ್ಮಶಾಸ್ತ್ರದಲ್ಲಿ ಯಾವ ಸ್ಥಾನ?

ಪ್ರಶ್ನೆ: ನಾನು ಶ್ರವಣದೋಷವುಳ್ಳ ಮಕ್ಕಳ ಶಾಲೆಯಲ್ಲಿ ಶಿಕ್ಷಕಿ. ಯೆಹೂದಿ ಧರ್ಮಶಾಸ್ತ್ರವು ಕಿವುಡರನ್ನು ಬುದ್ಧಿ ಸ್ಥಿಮಿತವಿಲ್ಲದವರು ಮತ್ತು ಮಕ್ಕಳ ಸಾಲಿಗೆ ಸೇರಿಸುತ್ತದೆ ಎಂದು ಓದಿ ಬೇಸರವಾಯಿತು. ಇದು ನಿಜವೇ? ಈಗಲೂ ಹಾಗೆಯೇ ಇದೆಯೇ?

ಉತ್ತರ: ನಿಜ, ಆದರೆ ನೀವು ಓದಿದ್ದು ಅರ್ಧ ಕಥೆ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯೆಹೂದಿ ಕಟ್ಟಳೆಗಳ ಸಂಗ್ರಹವಾದ ಮಿಶ್ನಾದಲ್ಲಿ ‘ಹೆರೇಶ್, ಶೋಟೆ, ಕಟಾನ್’, ಅಂದರೆ ಕಿವುಡ, ಬುದ್ಧಿಭ್ರಮಣೆಯಾದವ, ಅಪ್ರಾಪ್ತ ವಯಸ್ಕ, ಈ ಮೂವರೂ ಮತ್ತೆ ಮತ್ತೆ ಒಟ್ಟಿಗೇ ಬರುತ್ತಾರೆ. ಇಲ್ಲಿ ಹೆರೇಶ್ ಎಂದರೆ ಕಿವಿಯೂ ಕೇಳದ, ಮಾತೂ ಬಾರದ ವ್ಯಕ್ತಿ ಎಂದು ಅದೇ ಮಿಶ್ನಾ ಸ್ಪಷ್ಟಪಡಿಸುತ್ತದೆ. ಕಿವಿ ಕೇಳದಿದ್ದರೂ ಮಾತನಾಡಬಲ್ಲವನು ಬಹುಪಾಲು ವಿಷಯಗಳಲ್ಲಿ ಎಲ್ಲರಂತೆಯೇ. ಸಾಮೂಹಿಕ ಪ್ರಾರ್ಥನೆಗೆ ಬೇಕಾದ ಹತ್ತು ಮಂದಿಯಲ್ಲಿ ಅವನನ್ನು ಎಣಿಸಬಹುದೆಂದು 16ನೇ ಶತಮಾನದ ಧರ್ಮಸಂಹಿತೆ ‘ಶುಲ್ಹಾನ್ ಆರೂಖ್’ ಹೇಳುತ್ತದೆ. ಕೇಳಿಸಿಕೊಳ್ಳಬಲ್ಲ ಮೂಕನನ್ನೂ ಎಣಿಸಬಹುದು.

ಶಾಸ್ತ್ರಕಾರರು ನೋಡಿದ್ದು ತಿಳಿದು ಒಪ್ಪುವ ಸಾಮರ್ಥ್ಯವನ್ನು. ಕಿವಿಯೂ ಮಾತೂ ಇಲ್ಲದವನಿಗೆ ಕಲಿಸಲು ದಾರಿಯೇ ಇಲ್ಲ, ಆದ್ದರಿಂದ ಆ ಸಾಮರ್ಥ್ಯವೂ ಇಲ್ಲ ಎಂಬುದು ಅವರ ಎಣಿಕೆ. ಹೀಗಾಗಿ ಅವನು ಯಾರಿಗಾದರೂ ಗಾಯ ಮಾಡಿದರೆ ದಂಡವಿಲ್ಲ, ಅವನಿಗೆ ಗಾಯ ಮಾಡಿದವನು ಮಾತ್ರ ಪರಿಹಾರ ತೆರಬೇಕು. ಚರಾಸ್ತಿಯ ವ್ಯವಹಾರವನ್ನು ಸನ್ನೆಯಿಂದ ಮಾಡಬಹುದು. ಸನ್ನೆಯಿಂದಲೇ ಮದುವೆಯಾಗಬಹುದು, ಸನ್ನೆಯಿಂದಲೇ ವಿಚ್ಛೇದನ ಕೊಡಬಹುದು. ಆ ಮದುವೆಗೆ ರಬ್ಬಿಗಳ, ಅಂದರೆ ಧರ್ಮಗುರುಗಳ, ಕಟ್ಟಳೆಯ ಬಲವಿದೆಯೇ ಹೊರತು ಮೂಲ ಧರ್ಮಗ್ರಂಥವಾದ ತೋರಾದ ಬಲವಿಲ್ಲ. ಎಲ್ಲಕ್ಕಿಂತ ಕಠಿಣವಾದ ನಿಯಮ ಇನ್ನೊಂದಿದೆ. ಮದುವೆಯ ನಂತರ ಶ್ರವಣ, ಮಾತು ಎರಡನ್ನೂ ಕಳೆದುಕೊಂಡವನು ಹೆಂಡತಿಗೆ ವಿಚ್ಛೇದನ ಕೊಡಲಾರ. ಮದುವೆ ತೋರಾದ ಬಲದ್ದು, ಬಿಡಿಸಲು ಸನ್ನೆ ಸಾಲದು. ಆ ಹೆಂಗಸಿನ ಪಾಡು ಏನಾಗಬೇಕು? ಈ ನಿಯಮಗಳನ್ನೆಲ್ಲ ಬರೀ ರಕ್ಷಣೆ ಎಂದು ಸಮರ್ಥಿಸುವವರು ಈ ಪ್ರಕರಣವನ್ನು ಸಾಮಾನ್ಯವಾಗಿ ಎತ್ತುವುದಿಲ್ಲ.

ಸೋಜಿಗವೆಂದರೆ, ಆ ಎಣಿಕೆ ತಪ್ಪೆಂಬ ಸಾಕ್ಷ್ಯ ಹಳೆಯ ಗ್ರಂಥಗಳಲ್ಲಿಯೇ ಇದೆ. ಯೋಹನಾನ್ ಬೆನ್ ಗುದ್ಗದಾ ಎಂಬ ವಿದ್ವಾಂಸನ ಮಕ್ಕಳು ಕಿವುಡರಾಗಿದ್ದರೂ ಜೆರುಸಲೇಮಿನ ಮಡಿ ಪದಾರ್ಥಗಳೆಲ್ಲ ಅವರ ಕೈಯಲ್ಲೇ ಸಿದ್ಧವಾಗುತ್ತಿದ್ದವು ಎಂದು ಮಿಶ್ನಾಕ್ಕೆ ಪೂರಕ ಗ್ರಂಥವಾದ ತೊಸೆಫ್ತಾ ದಾಖಲಿಸಿದೆ. ಅದೇ ಮನೆತನದ ಇಬ್ಬರು ಮೂಕರ ಕಥೆ ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದಿನ ಹಗೀಗಾ ಸಂಪುಟದಲ್ಲಿ ಬರುತ್ತದೆ. ಅವರು ದಿನವೂ ಪಾಠಶಾಲೆಗೆ ಬಂದು ಕೂತು ತಲೆಯಾಡಿಸುತ್ತ ತುಟಿ ಅಲುಗಿಸುತ್ತಿದ್ದರು. ರಬ್ಬಿ ಯೆಹೂದಾ ಅವರಿಗಾಗಿ ಪ್ರಾರ್ಥಿಸಿದ ಮೇಲೆ ಮಾತು ಬಂತು. ನೋಡಿದರೆ ಶಾಸ್ತ್ರವೆಲ್ಲ ಅವರಿಗೆ ಕರಗತವಾಗಿತ್ತು! ಪವಾಡ ಕೊಟ್ಟದ್ದು ನಾಲಿಗೆಯನ್ನಷ್ಟೇ. ವಿದ್ಯೆ ಮೊದಲೇ ಇತ್ತು. ನಿಮ್ಮ ತರಗತಿಯಲ್ಲಿ ಇದಕ್ಕೆ ಯಾರೂ ಅಚ್ಚರಿಪಡಲಾರರು.

ನಿಯಮ ಅಲುಗಾಡಿದ್ದು ಮಾತ್ರ 19ನೇ ಶತಮಾನದಲ್ಲಿ, ನಿಮ್ಮ ವೃತ್ತಿಯವರಿಂದಲೇ. ವಿಯೆನ್ನಾದಲ್ಲಿ ಯೆಹೂದಿ ಕಿವುಡ ಮಕ್ಕಳಿಗೆ ಶಾಲೆ ನಡೆಯುತ್ತಿತ್ತು. ಅಲ್ಲಿಗೆ ಹೋಗಿ ಮಕ್ಕಳ ಕಲಿಕೆಯನ್ನು ಕಣ್ಣಾರೆ ಕಂಡ ರಬ್ಬಿ ಶಿಮ್ಹಾ ಬುನಿಮ್ ಸೋಫರ್, ಹಳೆಯ ವರ್ಗೀಕರಣ ಇವರಿಗೆ ಹೊಂದುತ್ತದೆಯೇ ಎಂದು ಸಂಶಯಪಟ್ಟರು. ಸಂಶಯವಿರುವುದರಿಂದ ಇವರು ವಿಧಿಗಳನ್ನು ಪಾಲಿಸಲಿ ಎಂದರು. ಇಂದು ಆರ್ಥಡಾಕ್ಸ್ (ಸಂಪ್ರದಾಯನಿಷ್ಠ) ರಬ್ಬಿಗಳಲ್ಲಿ ಅನೇಕರು ಮಾತು ಕಲಿತವರನ್ನು ಎಲ್ಲರಂತೆ ಕಾಣುತ್ತಾರೆ; ಸನ್ನೆ ಭಾಷೆಯನ್ನಷ್ಟೇ ಬಳಸುವವರ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಆರ್ಥಡಾಕ್ಸ್ ಪಂಥಕ್ಕಿಂತ ಸಡಿಲ ನಿಲುವಿನ, ಅಮೆರಿಕದ ಕನ್ಸರ್ವೇಟಿವ್ ಪಂಥದ ಧರ್ಮಶಾಸ್ತ್ರ ಸಮಿತಿ 2011ರಲ್ಲಿ ರಬ್ಬಿ ಪಮೇಲಾ ಬಾರ್ಮಾಶ್ ಬರೆದ ತೀರ್ಪನ್ನು ಅಂಗೀಕರಿಸಿ, ಸನ್ನೆ ಭಾಷೆಯಲ್ಲಿ ಸಂವಹನ ನಡೆಸುವ ಕಿವುಡರಿಗೆ ಆ ಹಳೆಯ ವರ್ಗ ಅನ್ವಯಿಸುವುದಿಲ್ಲ ಎಂದು ಸಾರಿತು. ನನ್ನ ದೃಷ್ಟಿಯಲ್ಲಿ ಇದು ತೀರ ತಡವಾಗಿ ಬಂದ ತೀರ್ಪು.

ಪ್ರಶ್ನೆ: ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಂದು ವಿದ್ಯುತ್ ಉಪಕರಣ ಬಳಸದ ಯೆಹೂದಿಗಳು ಶ್ರವಣ ಸಾಧನವನ್ನು ಏನು ಮಾಡುತ್ತಾರೆ?

ಉತ್ತರ: ಹಾಕಿಕೊಂಡೇ ಇರುತ್ತಾರೆ. ಸಬ್ಬತ್ ಆರಂಭವಾಗುವ ಮೊದಲೇ ಚಾಲೂ ಮಾಡಿಟ್ಟಿದ್ದರೆ ಧರಿಸಬಹುದೆಂದು ಜೆರುಸಲೇಮಿನ ರಬ್ಬಿ ಶ್ಲೋಮೋ ಝಲ್ಮಾನ್ ಔಎರ್‌ಬಾಖ್ ಅನುಮತಿಸಿದ್ದರು. ತೊಡಕು ಬರುವುದು ಪೂರಿಮ್ ಹಬ್ಬದಲ್ಲಿ. ಅಂದು ಬೈಬಲಿನ ಎಸ್ತೇರಳ ಗ್ರಂಥದ ಪಠಣವನ್ನು ಕೇಳಿಸಿಕೊಳ್ಳಲೇಬೇಕು. ಸಾಧನದಿಂದ ಕಿವಿಗೆ ಬೀಳುವುದು ಯಂತ್ರದ ದನಿ, ಓದುವವನದಲ್ಲ, ಆದ್ದರಿಂದ ಕರ್ತವ್ಯ ಪೂರೈಸಿದಂತಾಗದು ಎಂಬುದು ಔಎರ್‌ಬಾಖ್ ಅವರ ನಿಲುವು. ನ್ಯೂಯಾರ್ಕಿನ ರಬ್ಬಿ ಮೋಶೆ ಫೈನ್‌ಸ್ಟೈನ್ ಅಷ್ಟು ಖಚಿತವಾಗಿ ತಳ್ಳಿಹಾಕಲಿಲ್ಲ.