ಇಂಗ್ಲಿಷ್‌ನಲ್ಲಿ ಪೂರ್ಣ ವಾಕ್ಯ ಅಂದರೆ ಯಾವುದು?

‘ಬಿಕಾಸ್ ಇಟ್ ವಾಸ್ ರೇನಿಂಗ್’ ಪೂರ್ಣ ವಾಕ್ಯವೇ ಎಂದು ಕೇಳಿದ್ದೀರಿ. ಅಲ್ಲ. ಕರ್ತೃ, ಕ್ರಿಯಾಪದ ಎರಡೂ ಇವೆ, ನಿಜ. ಆದರೆ ‘ಬಿಕಾಸ್’ ಬಂದ ಕೂಡಲೇ ಅದು ಇನ್ನೊಂದು ಮಾತನ್ನು ಆತುಕೊಳ್ಳುತ್ತದೆ. ಮುಂದೆ ‘ವಿ ಸ್ಟೇಡ್ ಹೋಮ್’ ಸೇರಿಸಿ, ಪೂರ್ಣವಾಗುತ್ತದೆ. ಇದು ಕಾಂಪ್ಲೆಕ್ಸ್ ವಾಕ್ಯ. ಎರಡು ಸ್ವತಂತ್ರ ಮಾತುಗಳನ್ನು ‘ಆ್ಯಂಡ್’, ‘ಬಟ್’ ಜೋಡಿಸಿದರೆ ಕಾಂಪೌಂಡ್; ಒಂದೇ ಇದ್ದರೆ ಸಿಂಪಲ್.

ಉದ್ದ ನೋಡಿ ನಿರ್ಧರಿಸಬೇಡಿ. ‘ಗೋ!’ ಕೂಡ ಪೂರ್ಣ ವಾಕ್ಯವೇ, ‘ಯು’ ಅದರಲ್ಲಿ ಅಡಗಿದೆ.

ನಾವು ಕನ್ನಡಿಗರು ಜಾಸ್ತಿ ಎಡವುವುದು ಬೇರೆ ಕಡೆ. ‘ಅವಳು ಟೀಚರ್’ ಎಂದರೆ ಕನ್ನಡದಲ್ಲಿ ಸಾಕು, ಅಲ್ವಾ? ಕ್ರಿಯಾಪದವೇ ಬೇಡ. ಇಂಗ್ಲಿಷ್‌ನಲ್ಲಿ ‘ಈಸ್’ ಇಲ್ಲದೆ ಅದು ವಾಕ್ಯವಾಗದು. ‘ನಾಳೆ ಬರ್ತೀನಿ’ ಎನ್ನುವಾಗ ‘ನಾನು’ ಬಿಡಬಹುದು. ಇಂಗ್ಲಿಷ್‌ನಲ್ಲಿ ಬರೆಯುವಾಗ ‘ಐ’ ಬಿಡಬೇಡಿ.